ಕ್ಯಾಮೆರಾ ಹಿಡಿದ ಕೈಯ ವಾಸನೆ



ಈ ದತ್ತಿ ಉಪನ್ಯಾಸ ಯಾರ ನೆನಪಿಗೆ ಸಲ್ಲುತ್ತದೋ ಆ ಹಿರಿಯರನ್ನು ನಾನು ಕಂಡವನಲ್ಲ. ಅವರು ಮೇಷ್ಟರಾಗಿದ್ದರು, ರಜೆ ಬಂತೆಂದರೆ 16 ಎಂ.ಎಂ. ಪ್ರೊಜೆಕ್ಟರ್ ಹೊತ್ತುಕೊಂಡು ಸುತ್ತಲ ಹಳ್ಳಿಶಾಲೆಗಳಿಗೆ ಹೋಗಿ ಚಿತ್ರ ತೋರಿಸುತ್ತಿದ್ದರು ಎಂದು ಅವರ ಮಗಳು ಈಗಷ್ಟೇ ನನಗೆ ಹೇಳಿದರು. ಚಿತ್ರ ಮುಗಿದ ಮೇಲೆ ದೀಪ ಹಾಕುವ ಮೊದಲು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಪ್ರೊಜೆಕ್ಟರಿನ ಬೆಳಕಿಗೆ ಅಡ್ಡಲಾಗಿ ಕೈ ಹಿಡಿಯಲು ಹೇಳುತ್ತಿದ್ದರಂತೆ. ತಮ್ಮದೇ ಐದು ಬೆರಳು ಪರದೆಯ ಮೇಲೆ ದೊಡ್ಡದಾಗಿ ಬಿದ್ದಾಗ ಮಕ್ಕಳು ಕೂಗಿ ಕುಣಿಯುತ್ತಿದ್ದರಂತೆ. ಅಷ್ಟು ಹೊತ್ತು ಪರದೆಯನ್ನೇ ನೋಡುತ್ತಿದ್ದವರು ಆಗ ಮೊದಲ ಬಾರಿಗೆ ಹಿಂದೆ ತಿರುಗಿ, ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತಿದ್ದರಂತೆ. ನನ್ನ ಇಂದಿನ ಉಪನ್ಯಾಸವನ್ನು ಅವರು ಅಲ್ಲೇ ಮುಗಿಸಿಬಿಟ್ಟಿದ್ದಾರೆ. ನಾನು ಅದನ್ನೇ ಒಂದು ನಾರ್ವೆ ಚಿತ್ರದ ಮೂಲಕ ಬಿಡಿಸಿ ಹೇಳಲು ಬಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಆಂದ್ರೆ ಓವ್ರೆದಾಲ್ ಎಂಬ ನಾರ್ವೆಯ ನಿರ್ದೇಶಕರು 2010ರಲ್ಲಿ ಮಾಡಿದ ‘ಟ್ರೋಲ್‌ಯೇಗೆರೆನ್’ ಎಂಬ ಥ್ರಿಲ್ಲರ್ ತೋರಿಸಿದೆವು. ‘ಟ್ರೋಲ್ ಬೇಟೆಗಾರ’ ಎಂದು ಅದರ ಅರ್ಥ. ಟ್ರೋಲ್ ಎಂದರೆ ಇವತ್ತು ನಮ್ಮ ಮಕ್ಕಳಿಗೆ ಫೋನಿನಲ್ಲಿ ಗೇಲಿ ಮಾಡುವವರು. ನಾರ್ವೆಯವರಿಗೆ ಅದು ಬೆಟ್ಟದ ಒಳಗೆ ವಾಸಿಸುವ, ಬಿಸಿಲು ತಗುಲಿದರೆ ಕಲ್ಲಾಗುವ, ಬುದ್ಧಿ ಮಂದವಾದ ದೈತ್ಯ. ಚಿತ್ರ ಮುಗಿದು ದೀಪ ಹತ್ತಿದಾಗ ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. “ಸರ್, ಕೊನೆಯಲ್ಲಿ ಬಂದ ಆ ಪ್ರಧಾನಮಂತ್ರಿ ನಟನೇ ಅಲ್ವಾ?” ಎಂದು ಕೇಳಿದಳು. ನೂರು ನಿಮಿಷ ಮೂರು ತಲೆಯ ದೈತ್ಯನನ್ನು ತಕರಾರಿಲ್ಲದೆ ನೋಡಿದ ಹುಡುಗಿಗೆ ಸಂಶಯ ಬಂದದ್ದು ಆ ಒಬ್ಬ ಮನುಷ್ಯನ ಬಗ್ಗೆ. ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಅರ್ಧ ಮಾತ್ರ. ಪೂರ್ತಿ ಉತ್ತರ ಕೊಡಲು ಮೊದಲು ಕತೆ ಹೇಳಬೇಕು.

ಚಿತ್ರದ ಮೊದಲಿಗೇ ಒಂದು ಪ್ರಕಟಣೆ ಬರುತ್ತದೆ: ಯಾರೋ ಅನಾಮಧೇಯರು ನಿರ್ಮಾಣ ಸಂಸ್ಥೆಗೆ ಚಿತ್ರೀಕರಿಸಿದ ತುಣುಕುಗಳನ್ನು ಕಳಿಸಿಕೊಟ್ಟಿದ್ದಾರೆ, ನಾವು ಅದನ್ನು ಜೋಡಿಸಿ ತೋರಿಸುತ್ತಿದ್ದೇವೆ, ಅಷ್ಟೆ. ಆ ತುಣುಕುಗಳನ್ನು ತೆಗೆದವರು ವೋಲ್ಡಾ ಕಾಲೇಜಿನ ಮೂವರು ವಿದ್ಯಾರ್ಥಿಗಳು. ವೋಲ್ಡಾ ನಿಜವಾದ ಊರು, ಅಲ್ಲಿನ ಕಾಲೇಜಿನಲ್ಲಿ ಮಾಧ್ಯಮದ ಪಾಠ ನಡೆಯುವುದೂ ನಿಜ. ಥಾಮಸ್ ಮೈಕ್ ಹಿಡಿದು ಪ್ರಶ್ನೆ ಕೇಳುವವನು, ಯೋಹಾನಾ ಧ್ವನಿಗ್ರಹಣ ಮಾಡುವವಳು, ಕಲ್ಲೆ ಕ್ಯಾಮೆರಾದವನು. ಪರವಾನಗಿ ಇಲ್ಲದೆ ಕರಡಿ ಕೊಲ್ಲುತ್ತಿದ್ದಾನೆ ಎಂಬ ಗುಮಾನಿಯ ಮೇಲೆ ಹಾನ್ಸ್ ಎಂಬ ಒರಟು ಮನುಷ್ಯನ ಬೆನ್ನು ಹತ್ತುತ್ತಾರೆ. ಅವನು ಮಾತಾಡುವುದಿಲ್ಲ. ಇವರು ಬಿಡುವುದಿಲ್ಲ. ಒಂದು ರಾತ್ರಿ ಕಾಡಿನೊಳಗೆ ಅವನ ಹಿಂದೆ ಹೋಗುತ್ತಾರೆ. ಮರಗಳ ಹಿಂದೆ ಬೆಳಕು ಮಿಂಚುತ್ತದೆ, ಏನೋ ಗುಡುಗುತ್ತದೆ, ಹಾನ್ಸ್ ಓಡಿ ಬರುತ್ತ ಒಂದೇ ಪದ ಕೂಗುತ್ತಾನೆ: “ಟ್ರೋಲ್!”

ಹಾನ್ಸ್ ಸರ್ಕಾರದ ಗುಪ್ತ ಇಲಾಖೆಯೊಂದರ ನೌಕರ. ಟ್ರೋಲ್‌ಗಳು ತಮ್ಮ ವಲಯ ದಾಟಿ ಜನರ ನಡುವೆ ಬಾರದಂತೆ ನೋಡಿಕೊಳ್ಳುವುದು, ಬಂದರೆ ಕೊಲ್ಲುವುದು ಅವನ ಕೆಲಸ. ನಾಡಿಗೆ ಗೊತ್ತಾಗದ ಹಾಗೆ ಇಲಾಖೆ ಸತ್ತ ಕರಡಿಗಳನ್ನು ತಂದು ಹಾಕಿ ಹಾನಿಯನ್ನೆಲ್ಲ ಕರಡಿಯ ತಲೆಗೆ ಕಟ್ಟುತ್ತದೆ. ಹಾನ್ಸ್‌ಗೆ ಈ ಕೆಲಸ ಸಾಕಾಗಿದೆ. ರಾತ್ರಿ ಪಾಳಿಗೆ ಭತ್ಯೆ ಇಲ್ಲ, ಓವರ್‌ಟೈಮ್ ಇಲ್ಲ. ಒಂದು ಟ್ರೋಲ್ ಕೊಂದ ಮರುದಿನ ಬೆಳಿಗ್ಗೆ ಕೂತು ಅದಕ್ಕೆಂದೇ ಇರುವ ಫಾರಂ ತುಂಬುತ್ತಾನೆ. ಪೆನ್ನು ಹಿಡಿದ ಆ ಆಯಾಸದ ಕೈಯನ್ನು ಕ್ಯಾಮೆರಾ ಹತ್ತಿರದಿಂದ ನೋಡುತ್ತದೆ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಟ್ರೋಲ್ ಇದೆ ಎಂದು ನಂಬಿಸಿದ್ದು ಆ ಫಾರಂ. ದೈತ್ಯನನ್ನು ನಂಬುವುದು ಕಷ್ಟ, ದೈತ್ಯನ ಹೆಸರಿನಲ್ಲಿ ಫಾರಂ ಇಡುವ ಕಚೇರಿಯನ್ನು ನಂಬುವುದಕ್ಕೆ ನಮಗೆ ಯಾವ ಕಷ್ಟವೂ ಇಲ್ಲ.

ಈ ನಂಬಿಸುವ ಕಸುಬನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಚಿತ್ರೀಕರಣದ ದಿನ ಕಾಡಿನಲ್ಲಿ ಟ್ರೋಲ್ ಇರಲಿಲ್ಲ. ನಟರು ಬರಿಯ ಗಾಳಿಯನ್ನು ನೋಡಿ ಬೆದರಿದರು, ದೈತ್ಯನನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದರು. ಸಾಮಾನ್ಯ ಭಯಾನಕ ಚಿತ್ರದಲ್ಲಿ ರಾಕ್ಷಸ ಚೌಕಟ್ಟಿನ ನಡುಮಧ್ಯೆ ಬಂದು ನಿಲ್ಲುತ್ತಾನೆ, ಅವನು ಬರುವುದು ಕ್ಯಾಮೆರಾಗೆ ಮೊದಲೇ ಗೊತ್ತಿರುತ್ತದೆ. ಇಲ್ಲಿ ಹಾಗಲ್ಲ. ಕ್ಯಾಮೆರಾ ತಡವರಿಸುತ್ತದೆ. ಸದ್ದು ಬಂದ ಕಡೆ ತಿರುಗುವಷ್ಟರಲ್ಲಿ ಟ್ರೋಲ್ ಇನ್ನೊಂದು ಕಡೆ ಸರಿದಿರುತ್ತದೆ. ಫೋಕಸ್ ಮೊದಲು ಎದುರಿನ ಕೊಂಬೆಯ ಮೇಲೆ ಕೂತು, ಆಮೇಲೆ ಹಿಂದಕ್ಕೆ ಹೋಗುತ್ತದೆ. ಓಡುವಾಗ ಕಾಣುವುದು ನೆಲ, ಕೇಳುವುದು ಉಸಿರು. ಕತ್ತಲಾದರೆ ರಾತ್ರಿದೃಷ್ಟಿಯ ಹಸಿರು ಬೆಳಕು. ಇಲ್ಲದ ವಸ್ತುವನ್ನು ಹುಡುಕುತ್ತ ಕ್ಯಾಮೆರಾ ತಪ್ಪು ಮಾಡುವಂತೆ ಯೋಜಿಸಬೇಕು, ಆ ತಪ್ಪಿಗೆ ಹೊಂದುವಂತೆ ಆಮೇಲೆ ದೈತ್ಯನನ್ನು ಬರೆಯಬೇಕು. ನಾವು ನಂಬುವುದು ಚಿತ್ರದ ಅಂದವನ್ನಲ್ಲ, ಅದರ ಕುಂದನ್ನು. ಕೈ ನಡುಗಿದೆ ಎಂದರೆ ಅಲ್ಲೊಬ್ಬ ಮನುಷ್ಯ ಇದ್ದ, ಅವನು ಹೆದರಿದ್ದ, ಹೆದರಿದವನು ಸುಳ್ಳು ಹೇಳುವುದಿಲ್ಲ ಎಂದು ನಮ್ಮ ಮನಸ್ಸು ತಾನೇ ಲೆಕ್ಕ ಕಟ್ಟಿಕೊಳ್ಳುತ್ತದೆ.

ಇದು ಓವ್ರೆದಾಲ್ ಕಂಡುಹಿಡಿದ ವಿದ್ಯೆಯಲ್ಲ. 1980ರಲ್ಲಿ ಇಟಲಿಯ ರುಜ್ಜೇರೊ ದೆಯೊದಾತೊ ಇದೇ ಬಗೆಯ ‘ಕ್ಯಾನಿಬಲ್ ಹೋಲೋಕಾಸ್ಟ್’ ಮಾಡಿದಾಗ, ತೆರೆಯ ಮೇಲೆ ಸತ್ತವರು ನಿಜವಾಗಿಯೂ ಸತ್ತರೇ ಎಂಬ ಗುಮಾನಿ ನ್ಯಾಯಾಲಯದವರೆಗೆ ಹೋಯಿತು, ನಟರು ಬದುಕಿದ್ದಾರೆಂದು ಅವರು ರುಜುವಾತು ಮಾಡಬೇಕಾಯಿತು. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಕಾಡಿನಲ್ಲಿ ಕಾಣೆಯಾದ ಮೂವರು ಚಿತ್ರ ವಿದ್ಯಾರ್ಥಿಗಳ ಕತೆಯನ್ನು ಲೋಕಕ್ಕೆಲ್ಲ ಹಬ್ಬಿಸಿತು. ಆದರೆ ನಾರ್ವೆಯ ಚಿತ್ರ ಈ ವಿದ್ಯೆಯನ್ನು ತನ್ನ ನೆಲದಲ್ಲಿ ಊರಿದ ರೀತಿ ಬೇರೆ.

ಆ ನೆಲದ ನಕ್ಷೆಯಲ್ಲೇ ಟ್ರೋಲ್‌ಗಳಿವೆ. ಟ್ರೋಲ್‌ಸ್ಟಿಗೆನ್ ಎಂಬ ತಿರುವುಗಳ ಘಾಟಿರಸ್ತೆ 1936ರಲ್ಲಿ ತೆರೆಯಿತು. ಟ್ರೋಲ್‌ವೆಗ್ಗನ್ ಎಂಬುದು ಸಾವಿರ ಮೀಟರಿಗೂ ಎತ್ತರದ ಕಡಿದಾದ ಬಂಡೆ. ಟ್ರೋಲ್‌ತುಂಗಾ, ಅಂದರೆ ಟ್ರೋಲಿನ ನಾಲಗೆ, ಕಣಿವೆಯ ಮೇಲೆ ಚಾಚಿಕೊಂಡ ಕಲ್ಲು. ಆಸ್‌ಬ್ಯೋರ್ನ್‌ಸನ್ ಮತ್ತು ಮೂ ಎಂಬ ಇಬ್ಬರು ಗೆಳೆಯರು ಊರೂರು ಸುತ್ತಿ ಸಂಗ್ರಹಿಸಿದ ಜನಪದ ಕತೆಗಳನ್ನು 1840ರ ದಶಕದಿಂದ ಪ್ರಕಟಿಸಿದರು. ಶತಮಾನಗಳ ಕಾಲ ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ನಾಡು ತನ್ನ ನುಡಿಯನ್ನು ತಾನೇ ಕೇಳಿಸಿಕೊಳ್ಳಲು ಆ ಸಂಗ್ರಹ ನೆರವಾಯಿತು. ಥಿಯೊಡೋರ್ ಕಿಟ್ಟೆಲ್ಸನ್ ಎಂಬ ಕಲಾವಿದ ಬೆನ್ನ ಮೇಲೆ ಮರ ಬೆಳೆದ, ಬೆಟ್ಟ ಯಾವುದು ಟ್ರೋಲ್ ಯಾವುದು ತಿಳಿಯದ ಚಿತ್ರಗಳನ್ನು ಬರೆದ. ಇಬ್ಸನ್ನನ ‘ಪೇರ್ ಗಿಂಟ್’ ನಾಟಕದಲ್ಲಿ ಟ್ರೋಲ್‌ಗಳ ಅರಸ ಇರುವುದು ದೊವ್ರೆ ಬೆಟ್ಟದಲ್ಲಿ. ನಮ್ಮ ಚಿತ್ರದ ಕೊನೆಯ, ಎಲ್ಲಕ್ಕಿಂತ ದೊಡ್ಡ ದೈತ್ಯ ಎದ್ದು ಬರುವುದೂ ದೊವ್ರೆಯ ಹಿಮದ ಬಯಲಿನಲ್ಲೇ.

ಹಳೆಯ ಕತೆಗೆ ಹೊಸ ಕಾರಣಗಳನ್ನು ಚಿತ್ರ ಹೊಲಿಯುತ್ತದೆ. ಬಿಸಿಲಿಗೆ ಟ್ರೋಲ್ ಕಲ್ಲಾಗುವುದೇಕೆ? ಪಶುವೈದ್ಯೆಯೊಬ್ಬಳು ‘ಡಿ’ ವಿಟಮಿನ್ನಿನ ಲೆಕ್ಕ ಹೇಳಿ ವಿವರಿಸುತ್ತಾಳೆ. ಬೆಟ್ಟದ ಮೇಲೆ ಸಾಲುಗಟ್ಟಿ ನಿಂತ ವಿದ್ಯುತ್ ಕಂಬಗಳು ಯಾಕೆ? ಅದು ಟ್ರೋಲ್‌ಗಳನ್ನು ಒಳಗಿಡುವ ಬೇಲಿ. 2010ರಲ್ಲೇ ಹಾರ್ಡಾಂಗರ್ ಎಂಬ ಚೆಲುವಾದ ಸೀಮೆಯ ಮೇಲೆ ಹೈಟೆನ್ಷನ್ ತಂತಿ ಎಳೆಯುವ ಯೋಜನೆಗೆ ನಾರ್ವೆಯಲ್ಲಿ ಭಾರಿ ವಿರೋಧ ಎದ್ದಿತ್ತು, ಜನ ಆ ಕಂಬಗಳನ್ನು ರಾಕ್ಷಸ ಕಂಬಗಳೆಂದೇ ಕರೆಯುತ್ತಿದ್ದರು. ಅಲ್ಲಿನ ಪ್ರೇಕ್ಷಕ ಚಿತ್ರಮಂದಿರಕ್ಕೆ ಬರುವಾಗಲೇ ಅರ್ಧ ಕತೆ ತಂದಿದ್ದ.

ಇಲ್ಲಿ ಇನ್ನೊಂದು ಸಂಗತಿ ಇದೆ. ಹಾನ್ಸ್ ಪಾತ್ರ ಮಾಡಿದ ಓಟ್ಟೊ ಯೆಸ್ಪರ್ಸನ್ ನಾರ್ವೆಯಲ್ಲಿ ಮನೆಮನೆಗೂ ಗೊತ್ತಿರುವ ಹಾಸ್ಯನಟ. ಅವನ ಮುಖ ಕಂಡ ಕೂಡಲೇ ಇದು ಆಟ ಎಂದು ನಾರ್ವೆಯವರಿಗೆ ತಿಳಿಯುತ್ತದೆ. ಅವನು ಒಮ್ಮೆಯೂ ನಗಿಸದೆ ಗಂಭೀರವಾಗಿ ಉಳಿಯುವುದು ಅವರಿಗೆ ವಿಚಿತ್ರ ಕಸಿವಿಸಿ ತರುತ್ತದೆ. ಅವನನ್ನು ಅರಿಯದ ನಮಗೆ ಆ ಕಾವಲು ಇಲ್ಲ. ಅದೇ ಚಿತ್ರ, ಅದೇ ಮುಖ. ಅಲ್ಲಿ ‘ಇದು ಸುಳ್ಳು’ ಎನ್ನುವ ಮುಖವೇ ಗಡಿ ದಾಟಿದ ಮೇಲೆ ‘ಇದು ನಿಜ’ ಎನ್ನುತ್ತದೆ. ಹಗ್ಗ ಹಾವಾಗಿ ಕಾಣುವುದಕ್ಕೆ ಕತ್ತಲು ಸಾಲದು, ನೋಡುವವನು ಹಗ್ಗದ ಪರಿಚಯ ಇಲ್ಲದವನೂ ಆಗಿರಬೇಕು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಕೊನೆಯಲ್ಲಿ ವಿದ್ಯಾರ್ಥಿಗಳು ಕಾಣೆಯಾಗುತ್ತಾರೆ. ಆಮೇಲೆ ಪ್ರಧಾನಿ ಯೆನ್ಸ್ ಸ್ಟೊಲ್ಟೆನ್‌ಬರ್ಗ್ ಪತ್ರಕರ್ತರ ಮುಂದೆ ಮಾತಾಡುತ್ತಾರೆ, ನಾರ್ವೆಯಲ್ಲಿ ಟ್ರೋಲ್ ಇರುವುದನ್ನು ಅವರೇ ಒಪ್ಪಿಕೊಂಡಂತೆ ಕೇಳುತ್ತದೆ. “ಅವರು ನಟರಲ್ಲಮ್ಮ, ಆಗ ನಿಜವಾಗಿ ಪ್ರಧಾನಿಯಾಗಿದ್ದವರು” ಎಂದು ಅವಳಿಗೆ ಹೇಳಿದೆ. ಅದು ಅರ್ಧ ಉತ್ತರ. ಉಳಿದರ್ಧ ಹೀಗಿದೆ. ಉತ್ತರ ಸಮುದ್ರದಲ್ಲಿ ಬೆರ್ಗೆನ್ ನಗರದ ಪಶ್ಚಿಮಕ್ಕೆ ಒಂದು ಅಪಾರ ಅನಿಲ ನಿಕ್ಷೇಪವಿದೆ, 1979ರಲ್ಲಿ ಪತ್ತೆಯಾದದ್ದು, ಅದರ ಹೆಸರೇ ‘ಟ್ರೋಲ್’. 1995ರಲ್ಲಿ ಅಲ್ಲಿಗೆ ಎಳೆದೊಯ್ದು ನಿಲ್ಲಿಸಿದ ‘ಟ್ರೋಲ್ ಎ’ ಎಂಬ ಕಾಂಕ್ರೀಟ್ ವೇದಿಕೆ 472 ಮೀಟರ್ ಎತ್ತರದ್ದು, ಮನುಷ್ಯ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದ ಅತಿ ಎತ್ತರದ ರಚನೆಗಳಲ್ಲಿ ಒಂದು. ಪ್ರಧಾನಿ ಮಾತಾಡಿದ್ದು ಈ ನಿಕ್ಷೇಪದ ಬಗ್ಗೆ. ಮಾತು ಅವರದೇ, ದನಿ ಅವರದೇ. ಚಿತ್ರತಂಡ ಮಾಡಿದ್ದು ಇಷ್ಟೆ: ಅದರ ಹಿಂದುಮುಂದನ್ನು ಕತ್ತರಿಸಿ, ತಮ್ಮ ಕತೆಯ ಪಕ್ಕಕ್ಕೆ ಅಂಟಿಸಿದರು.

ಕಂಪ್ಯೂಟರಿನಲ್ಲಿ ಬರೆದ ದೈತ್ಯ ಪೂರ್ತಿ ಸುಳ್ಳು, ಅದರಿಂದ ಯಾರಿಗೂ ಮೋಸವಾಗಲಿಲ್ಲ. ಇಡೀ ಚಿತ್ರದಲ್ಲಿ ಅಪ್ಪಟ ನಿಜವಾದ ತುಣುಕು ಆ ಪ್ರಧಾನಿಯದು, ಸುಳ್ಳು ಹೇಳಿದ್ದು ಅದೇ. ಸುಳ್ಳು ಚಿತ್ರದ ಒಳಗೆ ಇರಲಿಲ್ಲ, ಎರಡು ಚಿತ್ರಗಳ ಬೆಸುಗೆಯಲ್ಲಿತ್ತು. ಅಲ್ಲಿ ಅದು ಆಟದ ಮಾತು, ನಾಡಿನ ಜನ ನಗುವರೆಂದು ತಿಳಿದು ಇಟ್ಟ ಕೀಲಿ. ಆದರೆ ನನ್ನ ಮುಂದೆ ಕೂತಿರುವ ಪ್ರತಿಯೊಬ್ಬರ ಜೇಬಿನಲ್ಲೂ ಇವತ್ತು ಬೆಳಿಗ್ಗೆ ಬಂದ ಒಂದು ವಿಡಿಯೊ ಇದೆ. ಅದರಲ್ಲಿರುವ ಮನುಷ್ಯ ನಿಜ, ಅವನ ಮಾತೂ ನಿಜ. ಅವನು ಅದಕ್ಕಿಂತ ಮೊದಲು ಏನು ಹೇಳಿದ, ಆಮೇಲೆ ಏನು ಹೇಳಿದ ಎಂಬುದು ಮಾತ್ರ ಇಲ್ಲ. ನಾವು ಸುಳ್ಳು ಚಿತ್ರವನ್ನು ಹಿಡಿಯಲು ಕಲಿಯುತ್ತಿದ್ದೇವೆ. ನಿಜವಾದ ಚಿತ್ರದಿಂದ ಕಟ್ಟಿದ ಸುಳ್ಳನ್ನು ಹಿಡಿಯಲು ಇನ್ನೂ ಕಲಿತಿಲ್ಲ.

ಹಾಗಾದರೆ ಕತ್ತರಿಯನ್ನೇ ಬಿಟ್ಟುಬಿಟ್ಟರೆ ಸತ್ಯ ಸಿಕ್ಕೀತೇ? ಇದಕ್ಕೂ ನಾರ್ವೆಯಲ್ಲೇ ಪ್ರಯೋಗಗಳು ನಡೆದಿವೆ. ಬೆರ್ಗೆನ್ ರೈಲುಮಾರ್ಗಕ್ಕೆ ನೂರು ವರ್ಷ ತುಂಬಿದಾಗ, 2009ರ ನವೆಂಬರ್‌ನಲ್ಲಿ, ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್.ಆರ್.ಕೆ. ಬೆರ್ಗೆನ್‌ನಿಂದ ಓಸ್ಲೊವರೆಗಿನ ಇಡೀ ರೈಲು ಪಯಣವನ್ನು, ಏಳು ಗಂಟೆಗೂ ಹೆಚ್ಚು, ಹಾಗೆ ಹಾಗೆಯೇ ತೋರಿಸಿತು. ಐವತ್ತು ಲಕ್ಷ ಜನರೂ ಇಲ್ಲದ ನಾಡಿನಲ್ಲಿ ಸುಮಾರು 12 ಲಕ್ಷ ಮಂದಿ ಸ್ವಲ್ಪ ಹೊತ್ತಾದರೂ ಅದನ್ನು ನೋಡಿದರು. ಹಳಿ, ಹಿಮ, ನಿಲ್ದಾಣ, ಮತ್ತೆ ಹಳಿ. ಏನನ್ನೂ ಬಿಟ್ಟಿಲ್ಲ ಎಂಬ ನೆಮ್ಮದಿಯೇ ಅದರ ಸೊಗಸು. ಆದರೆ ಆ ಮಾರ್ಗದಲ್ಲಿ 180ರಷ್ಟು ಸುರಂಗಗಳಿವೆ. ಸುರಂಗದೊಳಗೆ ತೆರೆ ಕಪ್ಪಾಗುತ್ತದೆ. ಆ ಕತ್ತಲನ್ನು ತುಂಬಲು ಹಳೆಯ ಚಿತ್ರಗಳನ್ನೂ ಸಂದರ್ಶನಗಳನ್ನೂ ಹಾಕಿದರು. ಅದರಲ್ಲಿ ಮೋಸವೇನೂ ಇಲ್ಲ. ಆದರೂ ಲೋಕದ ಅತಿ ಪ್ರಾಮಾಣಿಕ ಚಿತ್ರದಲ್ಲೂ ಸುರಂಗಗಳಿರುತ್ತವೆ, ಅಲ್ಲಿ ಯಾವ ಚಿತ್ರ ಇಡಬೇಕೆಂದು ಒಬ್ಬರು ಕೂತು ತೀರ್ಮಾನಿಸಿರುತ್ತಾರೆ ಎಂಬುದನ್ನು ನಾನು ಅಲ್ಲಿ ಕಲಿತೆ.

ಇನ್ನೊಂದು ಉದಾಹರಣೆ ನೋವಿನದು. ‘ಟ್ರೋಲ್ ಬೇಟೆಗಾರ’ ತೆರೆಗೆ ಬಂದದ್ದು 2010ರ ಅಕ್ಟೋಬರ್ ಕೊನೆಯಲ್ಲಿ. ಒಂಬತ್ತು ತಿಂಗಳೂ ತುಂಬಿರಲಿಲ್ಲ, 2011ರ ಜುಲೈ 22ರಂದು ಓಸ್ಲೊ ನಗರದ ಸರ್ಕಾರಿ ಕಚೇರಿಗಳ ಬಳಿ ಬಾಂಬ್ ಸಿಡಿದು 8 ಜನ ಸತ್ತರು. ಅದೇ ಸಂಜೆ ಉಟೋಯಾ ದ್ವೀಪದಲ್ಲಿ, ಲೇಬರ್ ಪಕ್ಷದ ಯುವಜನರ ಬೇಸಿಗೆ ಶಿಬಿರಕ್ಕೆ ನುಗ್ಗಿದ ಅದೇ ಹಂತಕ 69 ಜನರನ್ನು ಕೊಂದ. ಅವನು ತೊಟ್ಟಿದ್ದು ಪೊಲೀಸ್ ಸಮವಸ್ತ್ರ. ರಕ್ಷಣೆಗೆ ಬಂದವನೆಂದು ನಂಬಿ ಮಕ್ಕಳು ಹತ್ತಿರ ಹೋದರು. ಆಟಕ್ಕೆ ಬಳಸಿದ್ದ ಅದೇ ಪ್ರಧಾನಿಯ ಮುಖ, ಆ ದಿನ ಅದೇ ಕ್ಯಾಮೆರಾಗಳ ಮುಂದೆ ನಾಡಿನ ದುಃಖ ಹೊತ್ತು ನಿಂತಿತು.

ಇದನ್ನು ಚಿತ್ರ ಮಾಡುವುದು ಹೇಗೆ? ಎರಿಕ್ ಪೊಪ್ಪೆ ಎಂಬ ನಿರ್ದೇಶಕರು ಮೊದಲು ಸುದ್ದಿ ಛಾಯಾಗ್ರಾಹಕರಾಗಿದ್ದವರು, ಚಿತ್ರ ತೆಗೆಯುವ ಕೈಗೆ ಅಂಟುವ ಪಾಪಭಾರ ಅರಿತವರು. ಅವರ ‘ಉಟೋಯಾ 22 ಜುಲೈ’ 2018ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ದ್ವೀಪದಲ್ಲಿ ಹತ್ಯೆ ನಡೆದದ್ದು 72 ನಿಮಿಷ. ಅವರು ಅದನ್ನು 72 ನಿಮಿಷಗಳ ಒಂದೇ ಶಾಟಿನಲ್ಲಿ ತೆಗೆದರು, ಎಲ್ಲೂ ಕತ್ತರಿ ಹಾಕಲಿಲ್ಲ. ಐದು ದಿನ, ದಿನಕ್ಕೊಂದು ಸಲ ಪೂರ್ತಿಯಾಗಿ ಚಿತ್ರೀಕರಿಸಿ, ಅವುಗಳಲ್ಲಿ ಒಂದನ್ನು ಆರಿಸಿಕೊಂಡರು. ಛಾಯಾಗ್ರಾಹಕ ಮಾರ್ಟಿನ್ ಓಟರ್‌ಬೆಕ್ ಕ್ಯಾಮೆರಾ ಹೊತ್ತು ಕಾಯಾ ಎಂಬ ಹುಡುಗಿಯ ಹಿಂದೆ ಓಡಿದರು, ಅವಳು ಕೆಸರಿನಲ್ಲಿ ಮಲಗಿದರೆ ಕ್ಯಾಮೆರಾವೂ ಮಲಗಿತು. ಹಂತಕ ದೂರದಲ್ಲಿ ಒಂದು ನೆರಳಷ್ಟೆ. ಕಾಯಾ ಕಲ್ಪಿತ ಪಾತ್ರ, ಬದುಕುಳಿದವರ ಮಾತುಗಳನ್ನು ಕೇಳಿ ಕಟ್ಟಿದ ಪಾತ್ರ.

ಆ ಚಿತ್ರದ ಮೊದಲ ಕೆಲವು ಕ್ಷಣಗಳನ್ನು ನೀವು ಗಮನಿಸಬೇಕು. ಓಸ್ಲೊ ಸ್ಫೋಟದ ನಿಜವಾದ ದೃಶ್ಯಗಳು ಬಂದುಹೋಗುತ್ತವೆ. ಆಮೇಲೆ ದ್ವೀಪ. ಕಾಯಾ ತಿರುಗಿ ನೇರವಾಗಿ ಕ್ಯಾಮೆರಾವನ್ನು, ಅಂದರೆ ನಮ್ಮನ್ನು, ನೋಡಿ ನಿಮಗೆ ಇದು ಎಂದೂ ಅರ್ಥವಾಗದು ಎನ್ನುವಂತೆ ಮಾತಾಡುತ್ತಾಳೆ. ನಾವು ಬೆಚ್ಚುತ್ತೇವೆ. ಮರುಕ್ಷಣ ತಿಳಿಯುತ್ತದೆ, ಅವಳ ಕಿವಿಯಲ್ಲಿ ಇಯರ್‌ಫೋನ್ ಇದೆ, ಅವಳು ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ. ಕತೆ ಮತ್ತೆ ಕತೆಯಾಗುತ್ತದೆ. ಆದರೆ ಆ ಒಂದು ನೋಟ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ನೀವು ಪಡುತ್ತಿರುವುದು ಅನುಭವವಲ್ಲ, ನೀವು ನೋಡುತ್ತಿರುವುದು ಚಿತ್ರ, ಅದರ ಮಿತಿ ಇಷ್ಟು ಎಂದು ಪೊಪ್ಪೆ ಬಾಗಿಲಲ್ಲೇ ನಮಗೆ ಹೇಳುತ್ತಾರೆ. ನಿಜ ಘಟನೆಯನ್ನು ಕಲ್ಪನೆಯಿಂದ ಹೇಳುವವರಿಗೆ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆ ನನಗೆ ತಿಳಿದಂತೆ ಇಲ್ಲ. ಕತ್ತರಿ ಹಾಕದಿರುವುದರಲ್ಲಿ ಅದು ಇಲ್ಲ. ಹೇಳುವವನು ತಾನೆಲ್ಲಿ ನಿಂತಿದ್ದೇನೆಂದು ಮುಚ್ಚಿಡದಿರುವುದರಲ್ಲಿ ಇದೆ.

ಹೇಳುವವನು ಎಲ್ಲಿ ನಿಂತಿದ್ದಾನೆ ಎಂಬ ಈ ಮಾತಿಗಾಗಿ ನಾನು ಮತ್ತೆ ‘ಟ್ರೋಲ್ ಬೇಟೆಗಾರ’ಕ್ಕೆ, ಅದರಲ್ಲಿ ಬರುವ ಒಂದು ಗುಹೆಗೆ ಬರಬೇಕು. ಟ್ರೋಲ್‌ಗಳಿಗೆ ಕ್ರೈಸ್ತರ ರಕ್ತದ ವಾಸನೆ ಹತ್ತುತ್ತದೆ ಎಂಬುದು ಅಲ್ಲಿನ ಹಳೆಯ ಕತೆಗಳ ನಂಬಿಕೆ. ಬೇಟೆಗೆ ಹೊರಡುವ ಮೊದಲೇ ಹಾನ್ಸ್ ಕೇಳುತ್ತಾನೆ, ನಿಮ್ಮಲ್ಲಿ ದೇವರನ್ನು ನಂಬುವವರು ಯಾರಾದರೂ ಇದ್ದೀರಾ? ಮೂವರೂ ಇಲ್ಲವೆನ್ನುತ್ತಾರೆ. ಆಮೇಲೆ ಒಂದು ಗುಹೆಯಲ್ಲಿ ಅವರೆಲ್ಲ ಸಿಕ್ಕಿಬೀಳುತ್ತಾರೆ. ಟ್ರೋಲ್‌ಗಳು ಒಳಗೆ ಬಂದು ಮಲಗುತ್ತವೆ. ಮೈಗೆಲ್ಲ ಟ್ರೋಲ್ ವಾಸನೆ ಬಳಿದುಕೊಂಡು ಇವರು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಆಗ ಕಲ್ಲೆ ನಡುಗತೊಡಗುತ್ತಾನೆ. ತಾನು ದೇವರನ್ನು ನಂಬುವವನೆಂದು ಆಗ ಬಾಯಿಬಿಡುತ್ತಾನೆ. ಟ್ರೋಲ್‌ಗಳು ಮೂಗು ಅರಳಿಸುತ್ತವೆ. ಕಲ್ಲೆ ಹೊರಗೆ ಬರುವುದಿಲ್ಲ.

ಕಲ್ಲೆ ಯಾರು? ಕ್ಯಾಮೆರಾ ಹಿಡಿದವನು. ಅಲ್ಲಿಯವರೆಗೆ ನಾವು ಕಂಡದ್ದನ್ನೆಲ್ಲ ಅವನ ಕಣ್ಣಿಂದಲೇ ಕಂಡೆವು, ಅವನನ್ನು ಮಾತ್ರ ಸರಿಯಾಗಿ ನೋಡಲೇ ಇಲ್ಲ. ಅವನ ನಂಬಿಕೆಯಲ್ಲಿ ತಪ್ಪಿರಲಿಲ್ಲ. ಅವನು ಕ್ಯಾಮೆರಾದ ಹಿಂದೆ ನಿಂತರೆ ತಾನು ಯಾರೂ ಅಲ್ಲ ಎಂದುಕೊಂಡ, ಬರಿಯ ಕಣ್ಣು ಎಂದುಕೊಂಡ. ಹಾಗೆ ಯಾರೂ ಇರಲಾರರು. ಕ್ಯಾಮೆರಾ ಹಿಡಿದ ಪ್ರತಿ ಕೈಗೂ ಒಂದು ವಾಸನೆ ಇರುತ್ತದೆ, ಊರಿನದು, ಮನೆಯದು, ನಂಬಿಕೆಯದು, ಭಯದ್ದು. ಕಲ್ಲೆಯ ಜಾಗಕ್ಕೆ ಮಲಿಕಾ ಎಂಬ ಹುಡುಗಿ ಬರುತ್ತಾಳೆ. ನಾನು ಮುಸ್ಲಿಂ, ತೊಂದರೆ ಇದೆಯೇ ಎಂದು ಮೊದಲೇ ಕೇಳುತ್ತಾಳೆ. ನನಗೆ ಗೊತ್ತಿಲ್ಲ, ನೋಡೋಣ ಎನ್ನುತ್ತಾನೆ ಹಾನ್ಸ್. ಆ ಮಾತಿಗೆ ಸಭಾಂಗಣ ನಗುತ್ತದೆ. ನನಗೆ ಮಾತ್ರ ಇಡೀ ಚಿತ್ರದಲ್ಲಿ ಅತಿ ಆರೋಗ್ಯವಾದ ಕ್ಷಣ ಅದು. ತಾನು ಯಾರೆಂದು ಹೇಳಿ ಕ್ಯಾಮೆರಾ ಎತ್ತಿಕೊಂಡವಳು ಅವಳೊಬ್ಬಳೇ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಹಲವರು ನಾಳೆ ಕ್ಯಾಮೆರಾ ಹಿಡಿಯುವವರು. ಉಳಿದವರೂ ಆಗಲೇ ಫೋನಿನಲ್ಲಿ ಹಿಡಿದಾಗಿದೆ. ನಿಮ್ಮ ಚಿತ್ರದಲ್ಲಿ ದೈತ್ಯ ಬರಲಿ, ಕನಸು ಬರಲಿ, ನಿಜ ಎಲ್ಲಿ ಮುಗಿಯಿತು ಕಲ್ಪನೆ ಎಲ್ಲಿ ಶುರುವಾಯಿತು ಎಂದು ನೋಡುವವರು ತಬ್ಬಿಬ್ಬಾಗಲಿ. ಅದು ಕಲೆಯ ಹಕ್ಕು. ನಿಮ್ಮ ಕೈಯನ್ನು ಮಾತ್ರ ಮುಚ್ಚಿಡಬೇಡಿ. ಇನ್ನೊಬ್ಬರ ಚಿತ್ರ ನಿಮ್ಮ ಮುಂದೆ ಬಂದಾಗ, ಇದು ನಿಜವೋ ಸುಳ್ಳೋ ಎಂದು ಕೇಳುವ ಮೊದಲು, ಇದನ್ನು ಹಿಡಿದವರು ಎಲ್ಲಿ ನಿಂತಿದ್ದರು, ಎಲ್ಲಿ ಶುರುಮಾಡಿ ಎಲ್ಲಿ ನಿಲ್ಲಿಸಿದರು ಎಂದು ಕೇಳಿ.

ಅಂದು ಎದ್ದು ನಿಂತ ಆ ಹುಡುಗಿಗೆ ನಾನು ಹೇಳಬೇಕಿದ್ದ ಪೂರ್ತಿ ಉತ್ತರ ಇದು. ಅವಳಿಗೆ ಅನುಮಾನ ಬಂದದ್ದು ಸರಿಯಾದ ಜಾಗದಲ್ಲೇ. ಹಳ್ಳಿಶಾಲೆಗಳಿಗೆ ಪ್ರೊಜೆಕ್ಟರ್ ಹೊತ್ತ ಆ ಮೇಷ್ಟರು ಇದ್ದಿದ್ದರೆ ಅವಳನ್ನು ಪ್ರೊಜೆಕ್ಟರಿನ ಬಳಿಗೆ ಕರೆದು, ಬೆಳಕಿಗೆ ಅಡ್ಡಲಾಗಿ ಕೈ ಹಿಡಿ ಮಗು ಎನ್ನುತ್ತಿದ್ದರು. ಅವಳು ಹಿಂದೆ ತಿರುಗಿ ನೋಡುತ್ತಿದ್ದಳು.